ಗೆಳತಿಯನ್ನು ಕಳೆದುಕೊಂಡ ತಂಗಿಗೆ ಈ ಮಾಂಗಾ ಕೊಡಬಹುದೇ?

ಪ್ರಶ್ನೆ: ಗೆಳತಿ ಆತ್ಮಹತ್ಯೆ ಮಾಡಿಕೊಂಡ ದುಃಖದಲ್ಲಿದ್ದಾಳೆ ತಂಗಿ. ‘ಮೈ ಬ್ರೋಕನ್ ಮಾರಿಕೊ’ ಎಂಬ ಮಾಂಗಾ (ಜಪಾನಿ ಚಿತ್ರಕಥೆ) ಓದಲು ಕೊಡಲೇ?

ಉತ್ತರ: ಮೊದಲು ನೀವು ಓದಿ. ವಾಕಾ ಹಿರಾಕೊ ಅವರ ಈ ಕಥೆ ಒಂದೇ ಸಂಪುಟದ್ದು. ಪುಟ, ಚಿತ್ರದ ಚೌಕ ಎರಡನ್ನೂ ಬಲದಿಂದ ಎಡಕ್ಕೆ ಓದಬೇಕು. ಇಲ್ಲದಿದ್ದರೆ ನೆನಪು, ವರ್ತಮಾನ ಕಲಸಿಹೋಗುತ್ತವೆ. ಆತ್ಮಹತ್ಯೆ ಮಾಡಿಕೊಂಡ ಮಾರಿಕೊಗೆ ಹಿಂಸೆ ಕೊಟ್ಟಿದ್ದ ತಂದೆಯ ಮನೆಯಿಂದಲೇ ಗೆಳತಿ ಶಿಯಿನೊ ಅವಳ ಅಸ್ಥಿ ಕಿತ್ತುಕೊಂಡು ಕಡಲಿಗೆ ಹೊರಡುತ್ತಾಳೆ, ಸತ್ತವಳ ಮೇಲೇ ಸಿಟ್ಟಾಗುತ್ತಾಳೆ. ಆ ಸಿಟ್ಟನ್ನು ಮುಚ್ಚಿಡದಿರುವುದೇ ಪುಸ್ತಕದ ದೊಡ್ಡ ಗುಣ. ತಂಗಿಗೂ ಅದೇ ಒದಗೀತು.

ಆದರೆ ಮನೆಯೊಳಗಿನ ಹಿಂಸೆ, ತನಗೆ ತಾನೇ ಗಾಯ ಮಾಡಿಕೊಳ್ಳುವುದು ಇದರಲ್ಲಿವೆ. ಸಾವಾಗಿ ಕೆಲವೇ ವಾರವಾಗಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ ಈಗ ಬೇಡ. ಕೊಟ್ಟರೂ ಹಗಲು ಓದಲಿ, ನೀವು ಮನೆಯಲ್ಲಿರಿ. ‘ನಾನೂ ಹೋಗಬೇಕು’ ಎಂದರೆ ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ, ಒಂಟಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.