ಇಜಿಎಫ್‌ಆರ್ ಎಕ್ಸಾನ್ 19 ಡಿಲೀಷನ್ ಅಂದರೇನು? ಕಿಮೋ ಬಿಟ್ಟು ಮಾತ್ರೆ ಯಾಕೆ?

ನಿಮ್ಮ ಪ್ರಶ್ನೆ ಇದು: ಸಕಲೇಶಪುರದ ಕಡೆಯ ನಿಮ್ಮ ತಾಯಿಗೆ 58 ವರ್ಷ, ಬೀಡಿ ಸಿಗರೇಟು ಮುಟ್ಟಿದವರಲ್ಲ. ಕೆಮ್ಮಿಗೆ ಟಿಬಿ ಮಾತ್ರೆ ಶುರುವಾಗಿತ್ತು. ಈಗ ಹಾಸನದಲ್ಲಿ ಮಾಡಿಸಿದ ಬಯಾಪ್ಸಿಯಲ್ಲಿ ಶ್ವಾಸಕೋಶದ ಅಡಿನೋಕಾರ್ಸಿನೋಮಾ (ಒಂದು ಬಗೆಯ ಕ್ಯಾನ್ಸರು), ನಾಲ್ಕನೇ ಹಂತ, ‘ಇಜಿಎಫ್‌ಆರ್ ಎಕ್ಸಾನ್ 19 ಡಿಲೀಷನ್’ ಅಂತ ಬಂದಿದೆ. ಡಾಕ್ಟರು ಕಿಮೋ ಬಿಟ್ಟು ಆಸಿಮರ್ಟಿನಿಬ್ ಎಂಬ ಮಾತ್ರೆ ಬರೆದಿದ್ದಾರೆ, ಅದು ಒಂದು ಕಿಣ್ವವನ್ನು ತಡೆಯುತ್ತದಂತೆ. ಕಿಣ್ವಕ್ಕೂ ಕ್ಯಾನ್ಸರಿಗೂ ಏನು ಸಂಬಂಧ?

ನಾಲ್ಕನೇ ಹಂತದಲ್ಲಿ ಇದು ಇದ್ದುದರಲ್ಲಿ ಒಳ್ಳೆಯ ರಿಪೋರ್ಟು. ಧೂಮಪಾನ ಮಾಡದ ಹೆಂಗಸರಲ್ಲಿ ಈ ಬದಲಾವಣೆ ಹೆಚ್ಚು ಕಾಣುತ್ತದೆ.

ಇಜಿಎಫ್‌ಆರ್ ಜೀವಕೋಶದ ಪೊರೆಯಲ್ಲಿ ನಾಟಿಕೊಂಡಿರುವ ಪ್ರೋಟೀನು. ಅದರ ಹೊರತುದಿ ಬೆಳವಣಿಗೆಯ ಸಂದೇಶ ಹಿಡಿಯುತ್ತದೆ, ಒಳತುದಿಯೇ ಕೈನೇಸ್ ಎಂಬ ಕಿಣ್ವ. ಸಂದೇಶ ಬಂದಾಗ ಎರಡು ಇಜಿಎಫ್‌ಆರ್ ಜೋಡಿಯಾಗುತ್ತವೆ, ಎಟಿಪಿಯಿಂದ (ಕೋಶಕ್ಕೆ ಶಕ್ತಿ ಕೊಡುವ ಅಣು) ಫಾಸ್ಫೇಟ್ ಕಿತ್ತು ಒಂದು ಇನ್ನೊಂದರ ಬಾಲಕ್ಕೆ ಅಂಟಿಸುತ್ತದೆ. ಅಲ್ಲಿಂದ ಮುಂದೆ ರ‍್ಯಾಸ್, ರ‍್ಯಾಫ್, ಮೆಕ್, ಅರ್ಕ್ ಸಾಲು ಕೋಶ ಒಡೆದು ಎರಡಾಗುವಂತೆ ಮಾಡುತ್ತದೆ, ಪಿಐ3ಕೆ–ಎಕೆಟಿ ಸಾಲು ಕೋಶ ಸಾಯದಂತೆ ತಡೆಯುತ್ತದೆ. ಇವೂ ಕಿಣ್ವಗಳೇ. ಸಂದೇಶ ನಿಂತರೆ ಎಲ್ಲವೂ ನಿಲ್ಲಬೇಕು.

ಎಕ್ಸಾನ್ ಅಂದರೆ ಜೀನಿನ ಒಂದು ಭಾಗ, ಡಿಲೀಷನ್ ಅಂದರೆ ಅಳಿದುಹೋಗುವುದು. ಎಕ್ಸಾನ್ 19ರಲ್ಲಿ ಸಾಮಾನ್ಯವಾಗಿ ಐದು ಅಮೈನೋ ಆಮ್ಲಗಳಷ್ಟು ತುಂಡು ಬಿದ್ದುಹೋಗಿರುತ್ತದೆ. ಆಗ ಕಿಣ್ವ ಚಾಲೂ ಸ್ಥಿತಿಯಲ್ಲೇ ಬಿಗಿದುಕೊಳ್ಳುತ್ತದೆ. ಸ್ಟಾರ್ಟರಿನ ಕಾಂಟ್ಯಾಕ್ಟ್ ಅಂಟಿಕೊಂಡರೆ ಆಫ್ ಒತ್ತಿದರೂ ಮೋಟಾರು ಓಡುತ್ತಲೇ ಇರುತ್ತದಲ್ಲ, ಹಾಗೆ. ಆದರೆ ಕೆಟ್ಟ ಕಿಣ್ವಕ್ಕೊಂದು ದೌರ್ಬಲ್ಯವೂ ಇದೆ: ಎಟಿಪಿಯ ಮೇಲೆ ಅದರ ಹಿಡಿತ ಸಡಿಲ. ಎಟಿಪಿ ಕೂರುವ ಗೂಡಿಗೇ ಮಾತ್ರೆಯ ಅಣು ಹೋಗಿ ಕೂರುತ್ತದೆ. ಆಸಿಮರ್ಟಿನಿಬ್ ಅಂತೂ ಕಿಣ್ವದ 797ನೇ ಜಾಗದಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಬಂಧ ಹಾಕಿಕೊಂಡೇ ಬಿಡುತ್ತದೆ. ಅದೇ ‘ಎಕ್ಸಾನ್ 20 ಇನ್‌ಸರ್ಷನ್’ (ತುಂಡು ಹೆಚ್ಚಾಗಿ ಸೇರಿಕೊಂಡದ್ದು) ಅಂತ ಬಂದಿದ್ದರೆ ಗೂಡು ಕಿರಿದಾಗಿರುತ್ತದೆ, ಈ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ. ‘ಇಜಿಎಫ್‌ಆರ್ ಪಾಸಿಟಿವ್’ ಅಂತಷ್ಟೇ ಕೇಳಿಕೊಂಡು ಬರಬೇಡಿ, ಯಾವ ಎಕ್ಸಾನ್ ಅಂತ ನೋಡಿ. ಅಂದಹಾಗೆ ಈ ಬದಲಾವಣೆ ಗಡ್ಡೆಯ ಕೋಶಗಳಲ್ಲಿ ಆದದ್ದು, ವಂಶದ್ದಲ್ಲ. ಅದಕ್ಕಾಗಿ ಮಕ್ಕಳಿಗೆ ಟೆಸ್ಟ್ ಬೇಡ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಆತಂಕ ತಂದದ್ದು ಟಿಬಿ ಮಾತ್ರೆ. ಅದರಲ್ಲಿರುವ ರಿಫಾಂಪಿಸಿನ್ (ಮೂತ್ರ ಕಿತ್ತಳೆ ಬಣ್ಣವಾಗುವುದು ಇದರಿಂದಲೇ) ಲಿವರಿನ ಸಿವೈಪಿ3ಎ4 ಕಿಣ್ವವನ್ನು ಹೆಚ್ಚಿಸುತ್ತದೆ. ಆಗ ಆಸಿಮರ್ಟಿನಿಬ್ ಬೇಗ ಕರಗಿಹೋಗಿ ರಕ್ತದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿಯುತ್ತದೆ. ದುಬಾರಿ ಮಾತ್ರೆ ನುಂಗಿಯೂ ನುಂಗದಂತೆ. ಕಫದಲ್ಲಿ ಟಿಬಿ ನಿಜಕ್ಕೂ ಸಿಕ್ಕಿತ್ತೇ, ಇಲ್ಲ ಎಕ್ಸ್‌ರೇ ನೋಡಿ ಕೊಟ್ಟದ್ದೇ ಅಂತ ಟಿಬಿ ಡಾಕ್ಟರು, ಕ್ಯಾನ್ಸರ್ ಡಾಕ್ಟರು ಇಬ್ಬರನ್ನೂ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ರಿಫಾಂಪಿಸಿನ್ ಬೇಕೇ ಬೇಕು ಅಂದರೆ ಆಸಿಮರ್ಟಿನಿಬ್ 80 ಮಿ.ಗ್ರಾಂ. ಬದಲು 160 ಮಿ.ಗ್ರಾಂ. ಕೊಡುತ್ತಾರೆ, ರಿಫಾಂಪಿಸಿನ್ ನಿಂತು ಮೂರು ವಾರ ಕಳೆದ ಮೇಲೆ ಮತ್ತೆ 80ಕ್ಕೆ ಬರುತ್ತಾರೆ.

ಆಸಿಮರ್ಟಿನಿಬ್ ಮಾತ್ರೆ ದಿನಕ್ಕೆ ಒಂದು, ದಿನವೂ ಒಂದೇ ಹೊತ್ತಿಗೆ. ಊಟಕ್ಕೆ ಮುಂಚೆಯೋ ಆಮೇಲೋ ಅನ್ನುವ ಕಟ್ಟುಪಾಡಿಲ್ಲ, ಗ್ಯಾಸ್ಟ್ರಿಕ್ ಮಾತ್ರೆಯೂ ಅಡ್ಡಿಯಲ್ಲ. (ಹಳೆಯ ಎರ್ಲೋಟಿನಿಬ್ ಆದರೆ ಖಾಲಿ ಹೊಟ್ಟೆಗೇ ಆಗಬೇಕು, ಗ್ಯಾಸ್ಟ್ರಿಕ್ ಮಾತ್ರೆಯೂ ಕೂಡದು.) ಚರ್ಮ, ಕರುಳಿನಲ್ಲೂ ಇಜಿಎಫ್‌ಆರ್ ಇರುವುದರಿಂದ ಮೊಡವೆಯಂಥ ಗುಳ್ಳೆ, ಭೇದಿ, ಉಗುರುಸುತ್ತು ಬರಬಹುದು. ಮೊಡವೆ ಕ್ರೀಮು ಹಚ್ಚಬೇಡಿ, ಚರ್ಮ ಇನ್ನಷ್ಟು ಒಣಗುತ್ತದೆ. ತೋಟದಲ್ಲಿ, ಪಾತ್ರೆ ತೊಳೆಯುವಾಗ ಕೈಗವಸು ಇರಲಿ. ಹೊಸದಾಗಿ ಏದುಸಿರು, ಒಣಕೆಮ್ಮು, ಜ್ವರ ಬಂದರೆ ಮಾತ್ರ ಮಳೆಗಾಲದ ಶೀತ ಅಂತ ಕಷಾಯ ಕುಡಿಸಿ ಕೂರಬೇಡಿ. ಮಾತ್ರೆಯಿಂದಲೇ ಶ್ವಾಸಕೋಶ ಉರಿಯೂತಕ್ಕೆ ಒಳಗಾಗಿರಬಹುದು, ಅವತ್ತೇ ತೋರಿಸಿ.

ಇದು ರೋಗವನ್ನು ಹಿಡಿದಿಡುವ ಮಾತ್ರೆ, ಬುಡಸಮೇತ ಕೀಳುವುದಲ್ಲ. ದೊಡ್ಡ ಅಧ್ಯಯನದಲ್ಲಿ ಅರ್ಧದಷ್ಟು ಜನರಿಗೆ ಸುಮಾರು 19 ತಿಂಗಳು ಇಲ್ಲವೇ ಅದಕ್ಕೂ ಹೆಚ್ಚು ಕಾಲ ರೋಗ ಹತೋಟಿಯಲ್ಲಿತ್ತು. ಆಮೇಲೆ ಕ್ಯಾನ್ಸರು ಬೇರೆ ದಾರಿ ಹುಡುಕುತ್ತದೆ: 797ರ ಸಿಸ್ಟೀನೇ ಬದಲಾಗಬಹುದು, ಮೆಟ್ ಎಂಬ ಇನ್ನೊಂದು ಕೈನೇಸ್ ಜೋರಾಗಬಹುದು. ಕೆಲವರಲ್ಲಿ ಕ್ಯಾನ್ಸರಿನ ಜಾತಿಯೇ ಬದಲಾಗಿ ಸ್ಮಾಲ್ ಸೆಲ್ ಎಂಬ ಬೇರೆ ಬಗೆಯ ಕ್ಯಾನ್ಸರ್ ಆಗುತ್ತದೆ. ಅದನ್ನು ಖಚಿತವಾಗಿ ಹೇಳಲು ಮತ್ತೆ ಬಯಾಪ್ಸಿಯೇ ಬೇಕು, ರಕ್ತಪರೀಕ್ಷೆ ಸಾಲದು.

ಲ್ಯಾಬಿನಲ್ಲಿ ರಿಪೋರ್ಟಿನ ಜೊತೆ ಮೇಣದ ಬ್ಲಾಕನ್ನೂ (ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಕೂರಿಸಿಟ್ಟದ್ದು) ಕೇಳಿ ಪಡೆಯಿರಿ. ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿಗೆ ಹೋದರೆ ಮೊದಲು ಕೇಳುವುದೇ ಅದನ್ನು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತದೆ.