ದಿನಾ ಮಾತ್ರೆ ತಗೊಂಡ್ರೂ ನನ್ನ ಮೈಗ್ರೇನ್ ಯಾಕೆ ಜಾಸ್ತಿ ಆಗ್ತಿದೆ?

ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ತಲೆನೋವು, ಅದ್ರಲ್ಲಿ 8 ದಿನ ಆದ್ರೂ ಮೈಗ್ರೇನ್, ಹೀಗೆ 3 ತಿಂಗಳಿಗಿಂತ ಜಾಸ್ತಿ ನಡೆದ್ರೆ ಅದು ಕ್ರಾನಿಕ್ (ದೀರ್ಘಕಾಲದ) ಮೈಗ್ರೇನ್. ಆದ್ರೆ ದಿನಾ ಮಾತ್ರೆ ಅಂದ್ರಲ್ಲ, ನನಗೆ ಅದೇ ಚಿಂತೆ. ಪ್ಯಾರಸಿಟಮಾಲ್ ತಿಂಗಳಿಗೆ 15 ದಿನ, ಟ್ರಿಪ್ಟಾನ್ (ಮೈಗ್ರೇನ್‌ಗೆಂದೇ ಇರೋ ಮಾತ್ರೆ) ಆದ್ರೆ 10 ದಿನ, ಹೀಗೆ ತಿಂಗಳುಗಟ್ಟಲೆ ನುಂಗ್ತಾ ಹೋದ್ರೆ ಆ ಮಾತ್ರೆಯಿಂದ್ಲೇ ತಲೆನೋವು ಬರೋಕೆ ಶುರುವಾಗಬಹುದು, ಮೆಡಿಕಲ್ ಶಾಪಲ್ಲಿ ಇದನ್ನ ಯಾರೂ ಹೇಳಲ್ಲ. ನೋವು ಬಂದ ದಿನ, ಮಾತ್ರೆ ತಗೊಂಡ ದಿನ ಎರಡೂ ಕ್ಯಾಲೆಂಡರಲ್ಲಿ ಗುರುತು ಹಾಕಿ ನ್ಯೂರಾಲಜಿಸ್ಟ್‌ಗೆ ತೋರ್ಸಿ. ನೋವು ಬರದಂತೆ ತಡೆಯೋಕೇ ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್ ತರದ ಬೇರೆ ಔಷಧಿ ಇವೆ, ಗುಣ ಕಾಣೋಕೆ 2-3 ತಿಂಗಳು ಬೇಕು ಅದಕ್ಕೇ ಎರಡೇ ವಾರಕ್ಕೆ ಬಿಡ್ಬೇಡಿ, ಆಸ್ತಮಾ ಇದ್ರೆ ಪ್ರೊಪ್ರನಲಾಲ್ ಆಗಲ್ಲ, ಡಾಕ್ಟರ್‌ಗೆ ಮೊದ್ಲೇ ಹೇಳಿ. ಊಟ, ನಿದ್ದೆ ತಪ್ಪಿಸ್ಬೇಡಿ. ಇದ್ದಕ್ಕಿದ್ದಂತೆ ಹಿಂದೆಂದೂ ಇಲ್ಲದಷ್ಟು ನೋವು ಬಂದ್ರೆ, ಕೈಕಾಲು ಸೋತ್ರೆ ತಕ್ಷಣ ಆಸ್ಪತ್ರೆಗೆ ಹೋಗಿ.