ಹಳೇ ಕೋರ್ಟ್ ಕಟ್ಟಡದ ಎಡಭಾಗ, ಬಲಭಾಗ ಒಂದೇ ಕಾಲದ್ದಾ?

ಬಲಭಾಗದ ಕಿಟಕಿ, ನೆಲದ ಮಟ್ಟ ಎರಡೂ ಎಡಭಾಗಕ್ಕೆ ಹೊಂದುತ್ತಿಲ್ಲ ಅಂದರೆ ಅದನ್ನು ಆಮೇಲೆ ಸೇರಿಸಿರುವ ಸಾಧ್ಯತೆಯೇ ಜಾಸ್ತಿ. ಬಾಗಿಲ ಪಕ್ಕದ ಕಲ್ಲಿನಲ್ಲಿ ವರ್ಷ ಕೆತ್ತಿದ್ದರೆ ಅದು ಇಡೀ ಕಟ್ಟಡದ್ದು ಅಂದುಕೊಳ್ಳಬೇಡಿ. ಅದು ಶಂಕುಸ್ಥಾಪನೆಯದ್ದಾದರೆ ಕೆಲಸ ಮುಗಿಯಲು ಇನ್ನೂ ಕೆಲವು ವರ್ಷ ಹಿಡಿದಿರಬಹುದು.

ಮೊದಲು ಎರಡು ಭಾಗ ಸೇರುವ ಮೂಲೆಗೆ ಹೋಗಿ, ಗಾರೆ ತಾನಾಗಿ ಉದುರಿರುವ ಕಡೆ ನೋಡಿ. ಇಟ್ಟಿಗೆಗಳು ಒಂದಕ್ಕೊಂದು ಹೆಣೆದುಕೊಳ್ಳದೆ ಮೇಲಿಂದ ಕೆಳಗಿನವರೆಗೂ ನೇರ ಸಂದು ಇದ್ದರೆ ಎರಡನ್ನೂ ಬೇರೆ ಬೇರೆ ಹಂತದಲ್ಲಿ ಕಟ್ಟಿದ್ದಾರೆ. ನನ್ನ ಮಟ್ಟಿಗೆ ಇದೇ ಗಟ್ಟಿ ಸಾಕ್ಷಿ. ಆದರೆ ನಡುವೆ ಎಷ್ಟು ವರ್ಷದ ಅಂತರ ಅಂತ ಇದೊಂದರಿಂದ ಹೇಳೋಕಾಗಲ್ಲ.

ಆಮೇಲೆ ಎರಡೂ ಕಡೆಯ ಇಟ್ಟಿಗೆ ಅಳೆದು ಹೋಲಿಸಿ. ಸಂದಿನ ಗಾರೆಯನ್ನೂ ನೋಡಿ. ಸುಣ್ಣದ ಗಾರೆ ಮೆದು, ಒಳಗೆ ಬಿಳಿ ಗಂಟುಗಳು ಕಾಣುತ್ತವೆ, ಸಿಮೆಂಟ್ ಬೂದು ಬಣ್ಣ, ಗಟ್ಟಿ. ಮೇಲ್ಪದರ ಮಾತ್ರ ಸಿಮೆಂಟ್ ಆಗಿದ್ದರೆ ಅದು ಬರೀ ರಿಪೇರಿ ಇರಬಹುದು, ಹಾಗಾಗಿ ಒಳಗಿನದ್ದನ್ನೇ ನಂಬಿ.

ಚಾವಣಿಯೂ ಸುಳಿವು ಕೊಡುತ್ತದೆ. ಕಬ್ಬಿಣದ ತೊಲೆಗಳ ನಡುವೆ ಸಣ್ಣ ಇಟ್ಟಿಗೆ ಕಮಾನುಗಳಿದ್ದರೆ ಸಾಮಾನ್ಯವಾಗಿ 19ನೇ ಶತಮಾನ ಅಥವಾ 20ರ ಆರಂಭ, ಕಂಬಿ ಹಾಕಿದ ಕಾಂಕ್ರೀಟ್ ಆದರೆ ಹೆಚ್ಚಾಗಿ 20ನೇ ಶತಮಾನ. ತೊಲೆಯ ಮೇಲೆ ತಯಾರಕರ ಹೆಸರು ಉಬ್ಬಿಕೊಂಡಿದ್ದರೆ ಬಿಡಬೇಡಿ, ಫೋಟೋ ತೆಗೆದುಕೊಳ್ಳಿ. ಆ ಕಂಪನಿ ನಡೆದ ಕಾಲ ಸಿಕ್ಕರೆ ಕಟ್ಟಡದ ಕಾಲವೂ ಹತ್ತಿರ ಬರುತ್ತದೆ.

ಇಷ್ಟಾದ ಮೇಲೆ ದಾಖಲೆಗೆ ಹೋಗಿ. ಕಟ್ಟಡ ನೋಡಿಕೊಳ್ಳುವ ಇಲಾಖೆಯಲ್ಲಿ ವಿಸ್ತರಣೆಗೆ ಹಣ ಮಂಜೂರಾದ ಕಡತ ಕೇಳಿ. ಸಿಗದಿದ್ದರೆ ಬೇರೆ ಬೇರೆ ವರ್ಷದ ಎರಡು ಸರ್ವೆ ನಕ್ಷೆ ಪಕ್ಕಪಕ್ಕ ಇಡಿ. ಒಂದರಲ್ಲಿ ಬಲಭಾಗ ಇಲ್ಲದೆ ಇನ್ನೊಂದರಲ್ಲಿ ಇದ್ದರೆ ಅದನ್ನು ಕಟ್ಟಿದ್ದು ಆ ಎರಡು ವರ್ಷಗಳ ನಡುವೆ.